ಬಿಡುವಿನ ಶನಿವಾರ

ಏಳು ಕಾಲೇಜು. ಏಳನ್ನು ಜೋಡಿ ಮಾಡಲು ಬರುವುದಿಲ್ಲ,
ವಾರಕ್ಕೊಬ್ಬರು ಹೊರಗುಳಿಯಲೇಬೇಕು.
ಮೂವತ್ತೊಂದು ವರ್ಷ ಆ ಪಟ್ಟಿ ಗೀಚಿದವಳು ನಾನು,
ಕಬ್ಬಿಣದ ಸಾಮಾನಿನ ಅಂಗಡಿಯ ಮಹಡಿಯಲ್ಲಿ;
ಕೆಳಗೆ ಮೊಳೆ ತೂಗುವ ಸದ್ದು,
ಮೇಲೆ ನನ್ನ ರಬ್ಬರು.
ಯಾರಿಗೆ ಯಾವ ಶನಿವಾರ ಬಿಡುವು, ಜಗಳವೆಲ್ಲ ಅದಕ್ಕೇ.
ಸುಗ್ಗಿಯ ವಾರ ನಮಗಿರಲಿ, ಅನ್ನುವರು ನೋರ್ಡಾಲಿನವರು,
ಹುಡುಗರು ಬೀಟ್ ಗಡ್ಡೆ ಕೀಳಲು ಹೋಗಬೇಕು.
ಸೇಂಟ್ ಒಡಿಲಿಯದ ಸಿಸ್ಟರುಗಳು ಏನೂ ಕೇಳುತ್ತಿರಲಿಲ್ಲ,
ಕ್ರಿಸ್‌ಮಸ್ಸಿಗೆ ಒಂದು ಜಾಡಿ ಸೌತೆಯ ಉಪ್ಪಿನಕಾಯಿ ಕಳಿಸುವರು.
ಕೇಳದ್ದಕ್ಕೇ ಅವರಿಗೆ ಒಳ್ಳೆಯ ವಾರ.

ಶುರುವಾದದ್ದು ಹಿಮದಿಂದ ಎನ್ನುತ್ತಾರೆ.
ಡಕೋಟಾದ ಗಡಿಯಲ್ಲಿ ರೈಲು ನಿಂತು ಎರಡು ರಾತ್ರಿ,
ಸ್ಟೇಷನ್ನಿನ ಕ್ಯಾಂಟೀನಿನಲ್ಲಿ ಏಳು ಜನ ಮೇಷ್ಟರು,
ಲ್ಯಾಟಿನ್ ಕಲಿಸುವ ಓಟ್ಮಾರ್ ಕ್ರೆಬ್ಸ್‌ನ ಕೈಯಲ್ಲಿ ಪೆನ್ನು,
ತಿಂಡಿ ಪಟ್ಟಿಯ ಬೆನ್ನಿಗೆ ಹನ್ನೊಂದು ನಿಯಮ.
ಒಂಬತ್ತನೆಯದರ ಮೇಲೆ ಚೆರ್ರಿ ಪೈಯ ಕಲೆ,
ಅದೇನೆಂದು ಇವತ್ತಿಗೂ ಓದಲು ಬರುವುದಿಲ್ಲ.
ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ
ಒಂದಲ್ಲ ಒಂದು ದಿನ ಮುರಿದರು.

ಮೊದಮೊದಲು ಗೇಟಿನ ದುಡ್ಡು ಚುರುಟಿನ ಡಬ್ಬಿಯಲ್ಲಿ ಬರುತ್ತಿತ್ತು.
ಎತ್ತರ ಜಿಗಿಯುವವರು ಮರದ ಹೊಟ್ಟಿನ ಮೇಲೆ ಬಿದ್ದು
ಸಂಜೆ ತನಕ ತಲೆ ಕೊಡವುತ್ತಿದ್ದರು.
ಆಮೇಲೆ ರೇಡಿಯೊ. ಆಮೇಲೆ ದೀಪದ ಕಂಬ, ರಾತ್ರಿಯಾಟ,
ಇಪ್ಪತ್ತು ಮೈಲಿಯಾಚೆಯ ಹೊಲಕ್ಕೂ ಕಾಣುವ ಬೆಳಕು.
ಒಂದು ವರ್ಷ ಟಿವಿಯವರೂ ಬಂದರು,
ನನ್ನ ಮೇಜಿನ ಮೇಲೆ ಎರಡನೇ ಫೋನು.
ಏಳು ಅಂದರೆ ಏಳುವುದೇ ಎಂದುಕೊಂಡಿದ್ದೆವು;
ಏಳುಬೀಳಿನ ಉಳಿದರ್ಧ ಅಂಚೆಯಲ್ಲಿ ಬಂತು,

ಒಂದು ಮಂಗಳವಾರ. ಕೋಲ್‌ಬ್ಯಾಂಕ್ ಗಣಿ ಕಾಲೇಜು.
ದಪ್ಪ ಕಾಗದ, ಎರಡು ಸಾಲು ವಿಷಾದ,
ನಾಲ್ಕು ಪುಟ ದುಡ್ಡು.
ಆರು ಉಳಿದರು. ಆರು ಸರಿಸಂಖ್ಯೆ,
ಯಾರಿಗೂ ಬಿಡುವಿಲ್ಲ, ಪಟ್ಟಿ ಹತ್ತು ನಿಮಿಷದಲ್ಲಿ ಮುಗಿಯಿತು.
ಅಷ್ಟು ಸಲೀಸಾದದ್ದಕ್ಕೇ ನನಗೆ ಭಯ.
ಆಮೇಲೆ ಎತ್ತು ಏರಿಗೆ, ಕೋಣ ನೀರಿಗೆ:
ಒಬ್ಬರು ಪಶ್ಚಿಮದ ದೊಡ್ಡ ಕೂಟಕ್ಕೆ, ವಿಮಾನದಲ್ಲಿ ಹೋಗಿ ಸೋಲಲು;
ಇನ್ನೊಬ್ಬರು ಫುಟ್‌ಬಾಲನ್ನೇ ಬಿಟ್ಟರು;
ಸಿಸ್ಟರುಗಳಿಗೆ ವಯಸ್ಸಾಯಿತು, ಕಾಲೇಜು ಆಸ್ಪತ್ರೆಯಾಯಿತು;
ಮತ್ತೊಬ್ಬರು ಪತ್ರವನ್ನೂ ಬರೆಯಲಿಲ್ಲ, ಸುಮ್ಮನೆ ಬರಲಿಲ್ಲ.
ಕೊನೆಗೆ ಇಬ್ಬರು. ನೋರ್ಡಾಲ್, ವೆಸೆಲ್.
ಒಂದೇ ವರ್ಷ ಐದು ಸಲ ಆಡಿದರು,
ಐದನೆಯ ಸಲ ಕೈಕುಲುಕಲೂ ಬೇಸರ.
ಗೆದ್ದವರು ಚಾಂಪಿಯನ್. ಸೋತವರು ಎರಡನೆಯವರು,
ಕೊನೆಯವರೂ ಅವರೇ.

ಈಗ ಜಿಲ್ಲಾ ಮ್ಯೂಸಿಯಮ್ಮಿನ ಹುಡುಗ ಡಬ್ಬ ಒಯ್ಯಲು ಬಂದಿದ್ದಾನೆ.
ದಾಖಲೆ ಪುಸ್ತಕ ತೆರೆದು, ಪೆನ್ಸಿಲ್ ಮಾಸುತ್ತದೆ ಮೇಡಂ,
ಮೇಲೆ ಶಾಯಿಯಲ್ಲಿ ತಿದ್ದಿಕೊಡಿ, ಅಂದ.
ಅಳಿಸಬೇಕಾಗುತ್ತದಲ್ಲ ಮಗೂ, ಅದಕ್ಕೇ ಪೆನ್ಸಿಲು,
ಅನ್ನಲು ಹೋದೆ. ಅನ್ನಲಿಲ್ಲ. ಕೂತು ತಿದ್ದಿದೆ.
ಭರ್ಚಿ ಎಸೆತ. ಮೂರು ಮೈಲಿ. ಉದ್ದ ಜಿಗಿತ, ಗಾಳಿ ಅಳೆದಿಲ್ಲ.
ಎಂಟುನೂರು ಮೀಟರು, ಹೆಂಗಸರು: ಡಾರ್ಲೀನ್ ಕ್ವಿಸ್ಟ್,
ಎರಡು ನಿಮಿಷ, ಒಂಬತ್ತು ಸೆಕೆಂಡು, ಮೇಲೆ ನಾಲ್ಕು.

ಡಾರ್ಲೀನ್ ಈಗ ಶಾಲೆಯ ಬಸ್ಸು ಓಡಿಸುತ್ತಾಳೆ.
ಪ್ರತಿ ಮೇ ತಿಂಗಳು ಬಂದು ಬೇಲಿಗೊರಗಿ ನಿಲ್ಲುವಳು,
ತನ್ನ ದಾಖಲೆ ಮುರಿದವಳಿಗೆಂದು
ಕಂಕುಳಲ್ಲಿ ಒಂದು ಬಿಸ್ಕತ್ತಿನ ಡಬ್ಬ.
ಇಪ್ಪತ್ತಾರು ವರ್ಷ ಆ ಬಿಸ್ಕತ್ತು ನಾವಿಬ್ಬರೇ ತಿಂದೆವು.
ಹೋದ ವಾರ ಫೋನು: ಆರ್ಲಿಸ್,
ಇನ್ನು ಅದನ್ನು ಯಾರೂ ಮುರಿಯೋ ಹಾಗಿಲ್ಲ, ಅಲ್ವಾ?
ಇಲ್ಲ ಕಣೇ, ಅಂದೆ.
ಛೆ, ಅಂದಳು. ಹಿಂದೆ ಮಕ್ಕಳ ಗಲಾಟೆ,
ಬಸ್ಸಿನ ಬಾಗಿಲು ಹಾಕಿದ ಸದ್ದು.

ಆ ಒಂದು ಸಾಲಿಗೆ ಶಾಯಿ ಹಾಕಲಿಲ್ಲ.
ಹುಡುಗ ಪುಟ ಎಣಿಸಿ ರಸೀದಿ ಬರೆದ,
ಗಮನಿಸಲಿಲ್ಲ.
ರಬ್ಬರನ್ನೂ ಡಬ್ಬಕ್ಕೆ ಹಾಕಿ ಕಳಿಸಿದೆ.